ಸಾಂಟಾ ಕ್ಲಾರಾ ಕೌಂಟಿಯ ನ್ಯಾಯಾಲಯದಿಂದ ದಾಖಲೆ ಪಡೆಯುವ ಕ್ರಮ

ಕ್ಯಾಲಿಫೋರ್ನಿಯಾದ ಸಾನ್ ಹೊಸೆ, ಸನಿವೇಲ್, ಕ್ಯುಪರ್ಟಿನೊ, ಮಿಲ್ಪಿಟಾಸ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ನ್ಯಾಯಾಲಯದ ಕಾಗದಪತ್ರ ಬೇಕಾಗುವ ಸಂದರ್ಭ ಹೆಚ್ಚಾಗಿ ಹೇಳದೆ ಕೇಳದೆ ಬರುತ್ತದೆ. ಇಲ್ಲಿ ವಿಚ್ಛೇದನ ಪಡೆದವರು ಊರಿನಲ್ಲಿ ಮರುಮದುವೆಯಾಗಲು ಹೊರಟಾಗ ಅಲ್ಲಿನವರು ಡಿಕ್ರಿಯ, ಅಂದರೆ ವಿಚ್ಛೇದನದ ತೀರ್ಪಿನ, ಪ್ರತಿ ಕೇಳುತ್ತಾರೆ. ಪೌರತ್ವಕ್ಕೆ ಅರ್ಜಿ ಹಾಕುವವರು ಹತ್ತು ವರ್ಷದ ಹಿಂದಿನ ಒಂದು ಬಂಧನ ಹೇಗೆ ಮುಗಿಯಿತು ಎಂಬುದಕ್ಕೆ ಆಧಾರ ಒದಗಿಸಬೇಕಾಗುತ್ತದೆ. ತೀರಿಕೊಂಡ ಬಂಧುವಿನ ಉಯಿಲು ನ್ಯಾಯಾಲಯಕ್ಕೆ ಸಲ್ಲಿಕೆಯಾಗಿದೆಯೇ, ಮನೆ ದುರಸ್ತಿಗೆ ಕರೆದ ಗುತ್ತಿಗೆದಾರನ ಮೇಲೆ ಹಿಂದೆ ಯಾರಾದರೂ ದಾವೆ ಹೂಡಿದ್ದರೇ ಎಂದು ತಿಳಿಯಬಯಸುವವರೂ ಇದ್ದಾರೆ. ಇವರೆಲ್ಲರಿಗೂ ಉತ್ತರ ಸಿಗುವುದು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಸುಪೀರಿಯರ್ ಕೋರ್ಟಿನ ಕಡತಗಳಲ್ಲಿ, ಮತ್ತು ಆ ಕಡತಗಳಲ್ಲಿ ಬಹುಪಾಲು ಸಾರ್ವಜನಿಕರಿಗೆ ತೆರೆದಿವೆ.

ಭಾರತದ ನ್ಯಾಯಾಲಯಗಳನ್ನು ಕಂಡು ಬಂದವರಿಗೆ ಈ ಮಾತನ್ನು ನಂಬುವುದು ಮೊದಲಿಗೆ ಕಷ್ಟ. ಪ್ರಕರಣದ ಪಕ್ಷಕಾರರಲ್ಲದವರು ಪ್ರತಿ ಬೇಕೆಂದರೆ ಕಾರಣವನ್ನು ತಿಳಿಸಿ ಪ್ರಮಾಣಪತ್ರದೊಡನೆ ಅರ್ಜಿ ಹಾಕಬೇಕೆಂಬ ಗುಜರಾತ್ ಹೈಕೋರ್ಟಿನ ನಿಯಮವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಎತ್ತಿಹಿಡಿದಿದೆ. ಅಮೆರಿಕದಲ್ಲಿ ನಂಬಿಕೆ ಇದಕ್ಕೆ ಎದುರುದಿಕ್ಕಿನದು. ನ್ಯಾಯಾಲಯದ ದಾಖಲೆಗಳನ್ನು ನೋಡುವ ಮತ್ತು ಪ್ರತಿ ಮಾಡಿಕೊಳ್ಳುವ ಹಕ್ಕು ಜನರಿಗೆ ಸಾಮಾನ್ಯವಾಗಿ ಇದೆ ಎಂಬುದನ್ನು ಅಲ್ಲಿನ ಸುಪ್ರೀಂ ಕೋರ್ಟು 1978ರಲ್ಲಿಯೇ ಮಾನ್ಯಮಾಡಿದೆ. ಕ್ಯಾಲಿಫೋರ್ನಿಯಾದ ನ್ಯಾಯಾಲಯ ನಿಯಮಗಳೂ ದಾಖಲೆ ತೆರೆದಿದೆ ಎಂದೇ ಮೊದಲು ಭಾವಿಸುತ್ತವೆ. ಮುಚ್ಚಬೇಕೆನ್ನುವವರು ಅದಕ್ಕೆ ಬಲವಾದ ಕಾರಣವನ್ನು ತೋರಿಸಬೇಕು. ಆದ್ದರಿಂದ ಗುಮಾಸ್ತರ ಕಿಟಕಿಯ ಮುಂದೆ ನೀವು ಏಕೆ ಬಂದಿರಿ ಎಂದು ವಿವರಿಸುವ ಅಗತ್ಯವಿಲ್ಲ, ವಕೀಲರನ್ನು ಜೊತೆಗೆ ಕರೆದೊಯ್ಯುವ ಅಗತ್ಯವೂ ಇಲ್ಲ. ಅಲ್ಲಿಗೆ ಹೋಗುವ ಮೊದಲು ಕೆಲವು ಸಂಗತಿಗಳನ್ನು ಗೊತ್ತುಮಾಡಿಕೊಂಡಿದ್ದರೆ ಸಾಕು.

ಯಾವ ಕಚೇರಿ ಎಂಬುದು ಮೊದಲ ಪ್ರಶ್ನೆ

ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿವೆ, ಪ್ರತಿಯೊಂದಕ್ಕೂ ಒಂದು ಸುಪೀರಿಯರ್ ಕೋರ್ಟು ಇದೆ. ಇವೆಲ್ಲವುಗಳ ಕಡತಗಳನ್ನು ಒಟ್ಟಿಗೆ ಹುಡುಕಬಲ್ಲ ಒಂದೇ ಸರ್ಕಾರಿ ತಾಣ ಇಲ್ಲವಾದ್ದರಿಂದ, ಪ್ರಕರಣ ಯಾವ ಕೌಂಟಿಯಲ್ಲಿ ದಾಖಲಾಯಿತು ಎಂಬುದನ್ನು ಖಚಿತಪಡಿಸಿಕೊಳ್ಳದೆ ಮುಂದಿನ ಯಾವ ಹೆಜ್ಜೆಯೂ ಫಲ ಕೊಡುವುದಿಲ್ಲ. ನನ್ನ ಪರಿಚಯದ ಒಬ್ಬರು ತಮ್ಮ ಹಳೆಯ ಪ್ರಕರಣಕ್ಕಾಗಿ ಎರಡು ಸಂಜೆ ಸಾಂಟಾ ಕ್ಲಾರಾದ ಪ್ರಕರಣಗಳ ಸೂಚಿಯಲ್ಲಿ (ಪಕ್ಷಕಾರರ ಹೆಸರುಪಟ್ಟಿಯಲ್ಲಿ) ಹುಡುಕಿ ಕೈಚೆಲ್ಲಿದ್ದರು. ಅವರು ಕೆಲಸಕ್ಕೆ ಹೋಗುತ್ತಿದ್ದುದು ಸಾನ್ ಹೊಸೆಗೆ, ಆದರೆ ಆಗ ಮನೆ ಇದ್ದದ್ದು ಫ್ರೀಮಾಂಟ್‌ನಲ್ಲಿ; ಫ್ರೀಮಾಂಟ್ ಊರು ಅಲಮೀಡಾ ಕೌಂಟಿಗೆ ಸೇರಿದೆ. ವಿಚ್ಛೇದನವಾದರೆ ಅರ್ಜಿ ಹಾಕಿದಾಗ ಗಂಡ ಹೆಂಡತಿಯರಲ್ಲಿ ಒಬ್ಬರು ವಾಸವಿದ್ದ ಕೌಂಟಿಯನ್ನೂ, ಅಪರಾಧ ಪ್ರಕರಣವಾದರೆ ಘಟನೆ ನಡೆದ ಸ್ಥಳದ ಕೌಂಟಿಯನ್ನೂ, ಉಯಿಲಿನ ವಿಚಾರವಾದರೆ ತೀರಿಕೊಂಡವರು ಕೊನೆಗೆ ವಾಸವಿದ್ದ ಕೌಂಟಿಯನ್ನೂ ಮೊದಲು ನೋಡಬೇಕು.

ಕೌಂಟಿ ಸರಿಯಾಗಿದ್ದರೂ ಕಾಗದ ನ್ಯಾಯಾಲಯದ್ದೇ ಹೌದೇ ಎಂದು ಯೋಚಿಸಬೇಕು. ಮನೆಯ ಕ್ರಯಪತ್ರ, ಅಡಮಾನದ ದಾಖಲೆ, ಮದುವೆಯ ಪ್ರಮಾಣಪತ್ರ ಇವು ಕೌಂಟಿಯ ಕ್ಲರ್ಕ್-ರೆಕಾರ್ಡರ್ ಕಚೇರಿಯಲ್ಲಿರುತ್ತವೆ. ನ್ಯಾಯಾಲಯಕ್ಕೂ ಆ ಕಚೇರಿಗೂ ಸಂಬಂಧವಿಲ್ಲ. ವಿಚ್ಛೇದನದ ಡಿಕ್ರಿ ಮಾತ್ರ ನ್ಯಾಯಾಲಯದಲ್ಲಿಯೇ ಸಿಗುತ್ತದೆ. ರಾಜ್ಯದ ಸಾರ್ವಜನಿಕ ಆರೋಗ್ಯ ಇಲಾಖೆಯ ಬಳಿ 1962ರಿಂದ 1984ರ ಜೂನ್‌ವರೆಗಿನ ವಿಚ್ಛೇದನಗಳ ಬಗ್ಗೆ ಒಂದು ದೃಢೀಕರಣ ಪತ್ರ ಸಿಗಬಹುದಾದರೂ ಅದು ಡಿಕ್ರಿಯ ಪ್ರತಿ ಅಲ್ಲ. ದಿವಾಳಿತನದ ಪ್ರಕರಣಗಳು ಮತ್ತು ವಲಸೆ ಇಲಾಖೆಯ ವಿರುದ್ಧ ಹೂಡಿದ ದಾವೆಗಳು ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ನ್ಯಾಯಾಲಯದವು. ಅವುಗಳನ್ನು ಪೇಸರ್ ಎಂಬ ತಾಣದಲ್ಲಿ ಪುಟಕ್ಕೆ 10 ಸೆಂಟಿನಂತೆ ನೋಡಬಹುದು. ಒಂದು ದಾಖಲೆಗೆ 3 ಡಾಲರ್‌ಗಿಂತ ಹೆಚ್ಚು ಬೀಳುವುದಿಲ್ಲ, ಮೂರು ತಿಂಗಳ ಬಳಕೆ 30 ಡಾಲರ್ ಮೀರದಿದ್ದರೆ ಹಣ ಕಟ್ಟಬೇಕಾಗಿಯೇ ಇಲ್ಲ. ವಲಸೆ ನ್ಯಾಯಾಲಯದ ಕಡತಗಳ ದಾರಿ ಇವೆರಡಕ್ಕಿಂತಲೂ ಬೇರೆ. ಅವು ಹೀಗೆ ಸಾರ್ವಜನಿಕರಿಗೆ ತೆರೆದಿಲ್ಲ.

ಸಾಂಟಾ ಕ್ಲಾರಾ ಕೌಂಟಿಯ ಒಳಗೂ ಕೆಲಸ ಹಲವು ಕಟ್ಟಡಗಳಲ್ಲಿ ಹಂಚಿಹೋಗಿದೆ. ಸಾನ್ ಹೊಸೆಯ ನಾರ್ತ್ ಫಸ್ಟ್ ಸ್ಟ್ರೀಟಿನಲ್ಲಿ ಸಿವಿಲ್ ನ್ಯಾಯಾಲಯವೂ, ಅದರ ಪಕ್ಕದಲ್ಲಿಯೇ ಕುಟುಂಬ ನ್ಯಾಯಾಲಯದ ಕಟ್ಟಡವೂ ಇವೆ. ಅಪರಾಧ ಪ್ರಕರಣಗಳು ಮುಖ್ಯವಾಗಿ ಹೆಡ್ಡಿಂಗ್ ಸ್ಟ್ರೀಟಿನ ಹಾಲ್ ಆಫ್ ಜಸ್ಟಿಸ್‌ನಲ್ಲಿ ನಡೆಯುತ್ತವೆ. ಮನೆಯಿಂದ ಹೊರಡುವ ಮೊದಲು ನಿಮ್ಮ ಬಗೆಯ ಕಡತಗಳಿಗೆ ಯಾವ ಕಟ್ಟಡ, ಗುಮಾಸ್ತರ ಕಚೇರಿಯ ವೇಳೆ ಏನು ಎಂಬುದನ್ನು ನ್ಯಾಯಾಲಯದ ಅಧಿಕೃತ ತಾಣದಲ್ಲಿ ಅಂದಂದಿಗೆ ನೋಡಿಕೊಳ್ಳಬೇಕು.

ಹೆಸರಿನಿಂದ ಪ್ರಕರಣ ಸಂಖ್ಯೆಗೆ

ನ್ಯಾಯಾಲಯದಲ್ಲಿ ಎಲ್ಲವೂ ಪ್ರಕರಣ ಸಂಖ್ಯೆಯ ಮೇಲೆ ನಿಂತಿದೆ. ಇತ್ತೀಚಿನ ಪ್ರಕರಣಗಳ ಸಂಖ್ಯೆಯಲ್ಲಿ ಮೊದಲು ವರ್ಷದ ಕೊನೆಯ ಎರಡು ಅಂಕಿಗಳೂ ಅನಂತರ ಪ್ರಕರಣದ ಬಗೆಯನ್ನು ಸೂಚಿಸುವ ಅಕ್ಷರಗಳೂ ಇರುತ್ತವೆ: ಸಿವಿಲ್‌ಗೆ ಸಿವಿ, ಕುಟುಂಬದ ಪ್ರಕರಣಕ್ಕೆ ಎಫ್‌ಎಲ್, ಉಯಿಲು ಮತ್ತು ಆಸ್ತಿ ಉತ್ತರಾಧಿಕಾರಕ್ಕೆ ಪಿಆರ್. ಮನೆಯಲ್ಲಿರುವ ಯಾವುದಾದರೂ ಹಳೆಯ ನೋಟಿಸಿನಲ್ಲಿ, ವಕೀಲರ ಪತ್ರದಲ್ಲಿ ಅಥವಾ ಮಿಂಚಂಚೆಯಲ್ಲಿ ಈ ಸಂಖ್ಯೆ ಇದೆಯೇ ಎಂದು ಮೊದಲು ಹುಡುಕಿ. ಅದು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಸಂಖ್ಯೆ ಇಲ್ಲದಿದ್ದರೆ ಹೆಸರಿನಿಂದ ಹುಡುಕಬೇಕು, ಮತ್ತು ನಮ್ಮವರು ಹೆಚ್ಚಾಗಿ ಸೋಲುವುದು ಇಲ್ಲಿಯೇ. ನ್ಯಾಯಾಲಯದ ಸೂಚಿ ಒಂದು ಹೆಸರು ಒಂದು ಮನೆತನದ ಹೆಸರು ಎಂಬ ಕಟ್ಟಿನಲ್ಲಿ ರಚಿತವಾಗಿದೆ; ನಮ್ಮ ಹೆಸರುಗಳು ಆ ಕಟ್ಟಿಗೆ ಒಗ್ಗುವುದಿಲ್ಲ. ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂಬ ಕ್ರಮದಲ್ಲಿ ಬರೆದುಕೊಳ್ಳುತ್ತಿದ್ದವರ ಇನಿಷಿಯಲ್‌ಗಳು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು, ಊರಿನ ಹೆಸರೇ ಮನೆತನದ ಹೆಸರಾಗಿ ನಿಂತಿರಬಹುದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂಬ ಅರ್ಥದಲ್ಲಿ, ಬರೆದಿರುತ್ತಾರೆ. ಡ್ರೈವಿಂಗ್ ಲೈಸೆನ್ಸಿಗೂ ಅಲ್ಲಿಂದ ಪೊಲೀಸರ ಚೀಟಿಗೂ ಅದೇ ಇಳಿದು, ನ್ಯಾಯಾಲಯದ ಸೂಚಿಯಲ್ಲಿ ಆ ವ್ಯಕ್ತಿಯ ಹೆಸರೇ ಎಫ್‌ಎನ್‌ಯು ಎಂದಾಗಿರುವುದುಂಟು. ಗೌಡ ಎಂಬುದನ್ನು ಒಬ್ಬರು ನಡುವೆ ಡಬ್ಲ್ಯೂ ಹಾಕಿ ಬರೆದರೆ ಮತ್ತೊಬ್ಬರು ಯು ಹಾಕುತ್ತಾರೆ. ಲಕ್ಷ್ಮಿಯಲ್ಲಿ ಕೆಎಸ್‌ಎಚ್ ಇರಬಹುದು, ಎಕ್ಸ್ ಇರಬಹುದು. ಹೀಗಾಗಿ ಹುಡುಕುವ ಮೊದಲು ಒಂದು ಹಾಳೆಯಲ್ಲಿ ಆ ವ್ಯಕ್ತಿಯ ಹೆಸರಿನ ಎಲ್ಲ ರೂಪಗಳನ್ನೂ, ಹಿಂದುಮುಂದಾದವನ್ನೂ ಸೇರಿಸಿ, ಬರೆದುಕೊಂಡು ಒಂದೊಂದಾಗಿ ಪರೀಕ್ಷಿಸಬೇಕು. ಎದುರುಪಕ್ಷದವರು ಯಾರೆಂದು ಗೊತ್ತಿದ್ದರೆ ಅವರ ಹೆಸರಿನಿಂದ ಹುಡುಕುವುದು ಎಷ್ಟೋ ಸಲ ಸುಲಭ, ಅದರಲ್ಲೂ ಎದುರುಪಕ್ಷ ಒಂದು ಕಂಪನಿಯಾಗಿದ್ದರೆ.

ಹೆಸರಿನ ಜೊತೆಗೆ ಹುಟ್ಟಿದ ತಾರೀಖು ಹಾಕಿ ಸೋಸಿಬಿಡಬಹುದು ಎಂದು ಯಾರಾದರೂ ಹೇಳಿದರೆ ಅದು ಹಳೆಯ ಸಲಹೆ. ಅಪರಾಧ ಪ್ರಕರಣಗಳ ಸೂಚಿಯನ್ನು ಹುಟ್ಟಿದ ತಾರೀಖಿನಿಂದಲೋ ಲೈಸೆನ್ಸ್ ಸಂಖ್ಯೆಯಿಂದಲೋ ಸಾರ್ವಜನಿಕರು ಹುಡುಕಲು ಬಿಡುವುದು ರಾಜ್ಯದ ನಿಯಮಕ್ಕೆ ವಿರುದ್ಧವೆಂದು, ರಿವರ್‌ಸೈಡ್ ಕೌಂಟಿಯ ವಿಷಯದಲ್ಲಿ, ಮೇಲ್ಮನವಿ ನ್ಯಾಯಾಲಯ 2021ರಲ್ಲಿ ತೀರ್ಮಾನಿಸಿದೆ. ಇದರ ಪರಿಣಾಮವನ್ನು ಓದುಗರು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನಾನು ಬಯಸುತ್ತೇನೆ: ಸೂಚಿಯಲ್ಲಿ ಕಂಡ ಹೆಸರು ನೀವು ಹುಡುಕುತ್ತಿರುವ ವ್ಯಕ್ತಿಯದೇ ಎಂಬುದಕ್ಕೆ ಹೆಸರೊಂದೇ ಆಧಾರವಲ್ಲ. ಒಂದೇ ಹೆಸರಿನ ನಾಲ್ವರು ಇದೇ ಸಿಲಿಕಾನ್ ಕಣಿವೆಯಲ್ಲಿ ಇರಬಹುದು. ಕಡತ ತೆರೆದು ವಿಳಾಸ, ಸಂಗಾತಿಯ ಹೆಸರು, ಕಾಲ ಮುಂತಾದವುಗಳನ್ನು ತಾಳೆ ನೋಡದೆ ಯಾರ ಬಗೆಗೂ ಒಂದು ಮಾತು ಆಡಬಾರದು.

ಹಣ ಪಡೆದು ಯಾರ ದಾಖಲೆಯನ್ನಾದರೂ ತೆಗೆದುಕೊಡುತ್ತೇವೆ ಎನ್ನುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಬರುತ್ತವೆ. ಅಧಿಕೃತ ಪೋರ್ಟಲ್‌ನಲ್ಲಿ ಹೆಸರು ಅಥವಾ ಸಂಖ್ಯೆ ಹಾಕಿ ನೀವೇ ನೋಡಬಹುದಾದದ್ದನ್ನು, ಅದೂ ಹಳಸಿದ ಮಾಹಿತಿಯನ್ನು, ಅವು ಮಾರುತ್ತವೆ. ಅಲ್ಲಿಂದ ಬಂದ ಕಾಗದಕ್ಕೆ ಯಾವ ಕಚೇರಿಯಲ್ಲಿಯೂ ಬೆಲೆ ಇಲ್ಲ.

ಕಡತದಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಪ್ರಕರಣ ಸಿಕ್ಕಿದ ಕೂಡಲೇ ಯಾವುದೋ ಒಂದು ಆದೇಶವನ್ನು ಕೇಳಲು ಹೋಗಬೇಡಿ. ರಿಜಿಸ್ಟರ್ ಆಫ್ ಆಕ್ಷನ್ಸ್ ಎಂದು ಕರೆಯುವ ದಿನವಹಿ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಯಾವ ದಿನ ಯಾರು ಏನು ಸಲ್ಲಿಸಿದರು, ಯಾವ ವಿಚಾರಣೆ ಮುಂದೂಡಿತು, ಯಾವ ಆದೇಶ ದಾಖಲಾಯಿತು ಎಂಬುದೆಲ್ಲ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ನಿಮಗೆ ಬೇಕಾದ ಕಾಗದದ ಸರಿಯಾದ ಹೆಸರನ್ನೂ ತಾರೀಖನ್ನೂ ಅಲ್ಲಿಂದ ಬರೆದುಕೊಂಡರೆ ಗುಮಾಸ್ತರಿಗೂ ಕೆಲಸ ಸುಲಭ, ನಿಮಗೂ ಬೇಡದ ಪುಟಗಳಿಗೆ ಹಣ ತೆರುವುದು ತಪ್ಪುತ್ತದೆ.

ರಾಜ್ಯದ ನಿಯಮದ ಪ್ರಕಾರ ನ್ಯಾಯಾಲಯಗಳು ಈ ಪಟ್ಟಿಯನ್ನೂ ಸೂಚಿಯನ್ನೂ ಸಾಮಾನ್ಯ ಸಿವಿಲ್ ಪ್ರಕರಣಗಳ ಕಾಗದಗಳನ್ನೂ ಸಾಧ್ಯವಾದಷ್ಟು ಮಟ್ಟಿಗೆ ಮನೆಯಿಂದಲೇ ನೋಡುವಂತೆ ಒದಗಿಸಬೇಕು. ಆದರೆ ಕುಟುಂಬದ ಪ್ರಕರಣ, ಅಪರಾಧ ಪ್ರಕರಣ, ಪೋಷಕತ್ವ, ಮಾನಸಿಕ ಆರೋಗ್ಯ, ಕಿರುಕುಳದಿಂದ ರಕ್ಷಣೆ ಕೋರುವ ಅರ್ಜಿ ಮುಂತಾದವುಗಳ ಒಳಗಿನ ಕಾಗದಗಳನ್ನು ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ತೋರಿಸುವಂತಿಲ್ಲ. ಅವುಗಳಲ್ಲಿ ತೆರೆದಿರುವುದನ್ನು ನೋಡಲು ನ್ಯಾಯಾಲಯಕ್ಕೆ ಹೋಗಿ ಅಲ್ಲಿನ ಕಂಪ್ಯೂಟರಿನ ಮುಂದೆ ಕೂರಬೇಕು. ಪಕ್ಷಕಾರರಿಗೂ ಅವರ ವಕೀಲರಿಗೂ ಇರುವ ನಿಯಮ ಬೇರೆ. ಪೋರ್ಟಲ್‌ನಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ದಾಖಲೆ ಇಲ್ಲವೆಂದಾಗಲಿ ಗುಪ್ತವೆಂದಾಗಲಿ ತಿಳಿಯಬಾರದು ಎಂಬುದು ಇದರಿಂದ ಹೊರಡುವ ಮಾತು.

ನಿಜವಾಗಿ ಮುಚ್ಚಿರುವ ಕಡತಗಳೂ ಇವೆ. ದತ್ತು ಸ್ವೀಕಾರ, ಬಾಲಾಪರಾಧ ಮತ್ತು ಮಕ್ಕಳ ರಕ್ಷಣೆಯ ಪ್ರಕರಣಗಳು ಹೊರಗಿನವರಿಗೆ ದೊರೆಯುವುದಿಲ್ಲ. ಬಾಡಿಗೆದಾರರನ್ನು ಒಕ್ಕಲೆಬ್ಬಿಸುವ ದಾವೆಯು ಸಲ್ಲಿಕೆಯಾದ 60 ದಿನಗಳ ಒಳಗೆ ಮಾಲೀಕರ ಪರವಾಗಿ ತೀರ್ಪಾಗದಿದ್ದರೆ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದುಕೊಳ್ಳುವುದಿಲ್ಲ. ಇದು ಬಾಡಿಗೆದಾರರಿಗೆ ಮುಂದೆ ಮನೆ ಸಿಗದಂತಾಗುವುದನ್ನು ತಪ್ಪಿಸುವ ಏರ್ಪಾಡು, ಮತ್ತು ನನ್ನ ಅಭಿಪ್ರಾಯದಲ್ಲಿ ನ್ಯಾಯವಾದದ್ದು. ಅಪರಾಧ ಪ್ರಕರಣದಲ್ಲಿ ಪ್ರೊಬೇಷನ್ ಅಧಿಕಾರಿಯ (ಆರೋಪಿಯ ಹಿನ್ನೆಲೆಯನ್ನು ನ್ಯಾಯಾಲಯಕ್ಕೆ ತಿಳಿಸುವ ಅಧಿಕಾರಿಯ) ವರದಿಯನ್ನು ಸಾಮಾನ್ಯವಾಗಿ ತೀರ್ಪಿನ ನಂತರದ 60 ದಿನಗಳವರೆಗೆ ಮಾತ್ರ ನೋಡಬಹುದು.

ವಿಚ್ಛೇದನದ ಕಡತಗಳ ಬಗ್ಗೆ ನಮ್ಮ ಜನರಲ್ಲಿ ದೊಡ್ಡ ತಪ್ಪುಕಲ್ಪನೆ ಇದೆ. ಅವು ಮನೆಯೊಳಗಿನ ವಿಷಯವಾದ್ದರಿಂದ ಗುಪ್ತವಾಗಿರುತ್ತವೆ ಎಂದು ಭಾವಿಸಿ ಸಂಬಳ, ಸಾಲ, ಒಬ್ಬರ ಮೇಲೊಬ್ಬರ ಆರೋಪ ಎಲ್ಲವನ್ನೂ ಬರೆದು ಸಲ್ಲಿಸುತ್ತಾರೆ. ತೆರಿಗೆ ರಿಟರ್ನ್ ಮತ್ತು ಮಕ್ಕಳ ಪಾಲನೆಯ ಬಗೆಗಿನ ತಜ್ಞರ ವರದಿ ಗೋಪ್ಯವಾಗಿ ಉಳಿಯುತ್ತವೆ, ನಿಜ. ಆದರೆ ಎಫ್‌ಎಲ್-150 ಎಂಬ ಆದಾಯ-ವೆಚ್ಚದ ಘೋಷಣೆ ಕಡತ ತೆರೆದವರಿಗೆಲ್ಲ ಕಾಣುತ್ತದೆ. ಹಣಕಾಸಿನ ವಿವರಗಳನ್ನು ಕೋರಿದೊಡನೆ ಮೊಹರು ಮಾಡಿ ಮುಚ್ಚಿಡಬೇಕೆಂದು ರಾಜ್ಯ ಮಾಡಿದ್ದ ಕಾನೂನನ್ನು ಅದು ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದು ಮೇಲ್ಮನವಿ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಗಳಲ್ಲಿ ಕೊನೆಯ ನಾಲ್ಕು ಅಂಕಿಗಳನ್ನು ಬಿಟ್ಟು ಉಳಿದುದನ್ನು ಅಳಿಸಿ ಸಲ್ಲಿಸುವ ಹೊಣೆ ಸಲ್ಲಿಸುವವರದೇ. ಗುಮಾಸ್ತರು ಅದನ್ನು ಪರಿಶೀಲಿಸುವುದಿಲ್ಲ. ನಿಮ್ಮ ಹಳೆಯ ಕಡತವನ್ನು ನೋಡಲು ಹೋದಾಗ ಅಂಥ ಸಂಖ್ಯೆ ಉಳಿದುಹೋಗಿದೆಯೇ ಎಂದು ನೋಡಿಕೊಂಡು ಬರುವುದು ಒಳ್ಳೆಯದು.

ಪ್ರತಿಗಾಗಿ ಕೇಳುವುದು

ಪ್ರತಿಗಳಲ್ಲಿ ಎರಡು ಬಗೆ ಇವೆ. ಓದಿ ತಿಳಿಯುವುದಕ್ಕೆ ಸಾದಾ ಪ್ರತಿ ಸಾಕು. ಅದಕ್ಕೆ ರಾಜ್ಯದ ಕಾನೂನು ಪುಟಕ್ಕೆ 50 ಸೆಂಟಿನ ದರ ನಿಗದಿಮಾಡಿದೆ. ಇನ್ನೊಂದು ಕಚೇರಿಗೆ ಸಲ್ಲಿಸುವುದಕ್ಕಾದರೆ ಗುಮಾಸ್ತರ ಸಹಿ ಮತ್ತು ನ್ಯಾಯಾಲಯದ ಮುದ್ರೆ ಇರುವ ಸರ್ಟಿಫೈಡ್ ಕಾಪಿ ಬೇಕು. ದೃಢೀಕರಣಕ್ಕೆ ಪುಟದ ಹಣದ ಮೇಲೆ ದಾಖಲೆಯೊಂದಕ್ಕೆ 40 ಡಾಲರ್, ವಿಚ್ಛೇದನದ ದಾಖಲೆಗಾದರೆ 15 ಡಾಲರ್. ಗುಮಾಸ್ತರು ನಿಮಗಾಗಿ ಹತ್ತು ನಿಮಿಷಕ್ಕಿಂತ ಹೆಚ್ಚು ಹುಡುಕಬೇಕಾದರೆ ಹುಡುಕಾಟವೊಂದಕ್ಕೆ 15 ಡಾಲರ್ ಬೇರೆ. ಪ್ರಕರಣ ಸಂಖ್ಯೆಯನ್ನು ಮೊದಲೇ ಕಂಡುಕೊಳ್ಳಿ ಎಂದು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ದರಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಚಾಲ್ತಿಯಲ್ಲಿರುವ ಶುಲ್ಕಪಟ್ಟಿಯನ್ನು ನೋಡಿಕೊಳ್ಳಿ.

ಅಂಚೆಯಲ್ಲಿ ಕೇಳುವುದಾದರೆ ಪತ್ರದಲ್ಲಿ ಪ್ರಕರಣ ಸಂಖ್ಯೆ, ಎರಡೂ ಪಕ್ಷಗಳ ಹೆಸರು, ಬೇಕಾದ ಕಾಗದದ ಹೆಸರು ಮತ್ತು ತಾರೀಖು, ಸಾದಾ ಪ್ರತಿಯೋ ದೃಢೀಕೃತವೋ, ಎಷ್ಟು ಪ್ರತಿ ಎಂಬುದನ್ನು ಸ್ಪಷ್ಟವಾಗಿ ಬರೆದು, ನಿಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಜೊತೆಗಿಡಬೇಕು. ಪುಟಗಳು ಎಷ್ಟಾಗುತ್ತವೆಂದು ಗೊತ್ತಿಲ್ಲದಿದ್ದರೆ ಚೆಕ್ಕಿನಲ್ಲಿ ಮೊತ್ತದ ಜಾಗವನ್ನು ಖಾಲಿ ಬಿಟ್ಟು, ಇಷ್ಟು ಡಾಲರಿಗೆ ಮೀರದಂತೆ ಎಂದು ಬರೆದು ಕಳುಹಿಸುವ ರೂಢಿ ಇದೆ. ಈಗ ಭಾರತದಲ್ಲಿ ಇರುವವರಿಗೆ ಡಾಲರ್ ಚೆಕ್ಕು ಕೊಡುವುದೇ ತೊಡಕು. ಸಾರ್ವಜನಿಕ ದಾಖಲೆಯಾದ್ದರಿಂದ ಇಲ್ಲಿರುವ ಸ್ನೇಹಿತರೊಬ್ಬರು ಕಿಟಕಿಗೆ ಹೋಗಿ ಅದೇ ಪ್ರತಿಯನ್ನು ಪಡೆಯಬಹುದು, ಅದಕ್ಕೆ ಅಧಿಕಾರಪತ್ರ ಬೇಕಾಗಿಲ್ಲ. ತೀರ ಹಳೆಯ ಕಡತಗಳನ್ನು ಬೇರೆ ಕಡೆ ಇರಿಸಿರುವುದುಂಟು. ಅವನ್ನು ಮೊದಲೇ ತಿಳಿಸಿ ತರಿಸಿಕೊಳ್ಳಬೇಕು.

ವಿಚಾರಣೆಯಲ್ಲಿ ಯಾರು ಏನು ಮಾತನಾಡಿದರು ಎಂಬ ಅಕ್ಷರಶಃ ವರದಿ ಗುಮಾಸ್ತರಲ್ಲಿ ಸಿಗುವುದಿಲ್ಲ. ಅದನ್ನು ಆ ದಿನ ಹಾಜರಿದ್ದ ಕೋರ್ಟ್ ರಿಪೋರ್ಟರ್, ಅಂದರೆ ಮಾತುಗಳನ್ನು ಅಕ್ಷರಶಃ ಬರೆದುಕೊಳ್ಳುವ ಶೀಘ್ರಲಿಪಿಕಾರರು, ಅವರಿಂದ ಹಣ ಕೊಟ್ಟು ಮಾಡಿಸಿಕೊಳ್ಳಬೇಕು. ಸಿವಿಲ್ ಮತ್ತು ಕುಟುಂಬದ ಎಷ್ಟೋ ವಿಚಾರಣೆಗಳಲ್ಲಿ ರಿಪೋರ್ಟರ್ ಇರುವುದೇ ಇಲ್ಲ.

ಪೌರತ್ವದ ಅರ್ಜಿಗಾಗಿ ಹಳೆಯ ಬಂಧನದ ದಾಖಲೆ ಬೇಕಾದವರು ಪ್ರಕರಣದ ಅಂತಿಮ ಫಲಿತಾಂಶವನ್ನು ತೋರಿಸುವ ದೃಢೀಕೃತ ಪ್ರತಿ ಎಂದೇ ಕೇಳಬೇಕು. ಪ್ರಕರಣ ವಜಾ ಆಗಿದೆ, ಆಮೇಲೆ ಮೊಹರು ಆಗಿದೆ, ಹಾಗಾಗಿ ಹೇಳಬೇಕಾಗಿಲ್ಲ ಎಂದು ನೆರೆಹೊರೆಯವರು ಕೊಡುವ ಸಲಹೆಯನ್ನು ದಯವಿಟ್ಟು ನಂಬಬೇಡಿ. ಎನ್-400 ಎಂಬ ಪೌರತ್ವದ ಅರ್ಜಿಯು ಮೊಹರಾದ, ಅಳಿಸಿದ ಪ್ರಕರಣಗಳನ್ನೂ ತಿಳಿಸುವಂತೆ ಕೇಳುತ್ತದೆ. ಕಡತ ಅವಧಿ ಮುಗಿದು ನಾಶವಾಗಿದ್ದರೆ, ಹುಡುಕಿದರೂ ದಾಖಲೆ ಇಲ್ಲವೆಂದು ನ್ಯಾಯಾಲಯದಿಂದ ಪತ್ರ ಪಡೆದು ಅದನ್ನು ಲಗತ್ತಿಸಬೇಕು.

ಆ ಕಾಗದ ಕರ್ನಾಟಕಕ್ಕೆ ಹೋಗುವುದಾದರೆ

ಈ ಲೇಖನ ಬರೆಯಲು ನನ್ನನ್ನು ಪ್ರೇರೇಪಿಸಿದ್ದು ಮುಖ್ಯವಾಗಿ ಈ ಭಾಗ. ಇಲ್ಲಿ ಸರಿಯಾಗಿ ಮುಗಿದ ವಿಚ್ಛೇದನ ಊರಿನಲ್ಲಿ ಪ್ರಶ್ನೆಗೆ ಒಳಗಾಗಿ, ಬೇಕಾದ ಕಾಗದವನ್ನು ಸಾವಿರಾರು ಮೈಲಿ ದೂರದಿಂದ ತರಿಸಿಕೊಳ್ಳಲು ಪರದಾಡಿದವರನ್ನು ಕಂಡಿದ್ದೇನೆ.

ಭಾರತದ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಕೊಟ್ಟ ಒಂದು ತೀರ್ಪು ಈ ವಿಷಯದಲ್ಲಿ ಇಂದಿಗೂ ದಾರಿ ತೋರಿಸುತ್ತದೆ. ತಿರುಪತಿಯಲ್ಲಿ ಮದುವೆಯಾಗಿದ್ದ ದಂಪತಿಯಲ್ಲಿ ಗಂಡ ಅಮೆರಿಕದ ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿಯ ನ್ಯಾಯಾಲಯದಿಂದ ವಿಚ್ಛೇದನದ ಡಿಕ್ರಿ ತಂದಿದ್ದರು. ಅವರು ಸಲ್ಲಿಸಿದ ಪ್ರತಿಯಲ್ಲಿ ಕೌಂಟಿಯ ಗುಮಾಸ್ತರ ದೃಢೀಕರಣ ಇತ್ತು. ಫೋಟೋಸ್ಟಾಟ್ ಎಂಬ ಕಾರಣಕ್ಕೆ ಅದು ಅಗ್ರಾಹ್ಯವಲ್ಲ ಎಂದ ನ್ಯಾಯಾಲಯ, ಆಗಿನ ಸಾಕ್ಷ್ಯ ಅಧಿನಿಯಮದ 86ನೇ ಕಲಮು ಬಯಸುವಂತೆ ಅಮೆರಿಕದಲ್ಲಿರುವ ಭಾರತ ಸರ್ಕಾರದ ಪ್ರತಿನಿಧಿಯ ದೃಢೀಕರಣ ಇಲ್ಲದ್ದರಿಂದ ಅದನ್ನು ಸ್ವೀಕರಿಸಲಾಗದು ಎಂದಿತು. ಅದಕ್ಕಿಂತ ಮುಖ್ಯವಾಗಿ, ಯಾವ ವಿವಾಹ ಕಾನೂನಿನಡಿ ಮದುವೆಯಾಗಿದೆಯೋ ಆ ಕಾನೂನು ಒಪ್ಪುವ ನ್ಯಾಯಾಲಯದಲ್ಲಿ ಮತ್ತು ಆ ಕಾನೂನು ಒಪ್ಪುವ ಕಾರಣಗಳಿಂದ ಆಗದ ವಿದೇಶೀ ವಿಚ್ಛೇದನಕ್ಕೆ ಭಾರತದಲ್ಲಿ ಮಾನ್ಯತೆ ಇಲ್ಲವೆಂದೂ, ಎದುರುಪಕ್ಷ ಸ್ವಇಚ್ಛೆಯಿಂದ ಹಾಜರಾಗಿ ವಾದಿಸಿದ್ದರೆ ಅಥವಾ ಡಿಕ್ರಿಗೆ ಒಪ್ಪಿಗೆ ಕೊಟ್ಟಿದ್ದರೆ ಮಾತು ಬೇರೆಯೆಂದೂ ವಿವರಿಸಿತು.

ಇದರಿಂದ ಏಳುವ ಕೆಲಸ ಸರಳವಾದದ್ದು: ಡಿಕ್ರಿ ಒಂದನ್ನೇ ತೆಗೆದುಕೊಂಡು ಹೋಗಬೇಡಿ. ಎಫ್‌ಎಲ್-180 ಎಂಬ ತೀರ್ಪಿನ ಜೊತೆಗೆ ಎಫ್‌ಎಲ್-100 ಎಂಬ ಮೂಲ ಅರ್ಜಿ, ಸಮನ್ಸ್ ಜಾರಿಯಾದುದನ್ನು ತೋರಿಸುವ ಎಫ್‌ಎಲ್-115, ಎದುರುಪಕ್ಷದ ಉತ್ತರವಾದ ಎಫ್‌ಎಲ್-120, ಇಬ್ಬರೂ ಸಹಿ ಹಾಕಿದ ಒಪ್ಪಂದ ಇದ್ದರೆ ಅದು, ಇಷ್ಟಕ್ಕೂ ದೃಢೀಕೃತ ಪ್ರತಿ ಪಡೆಯಿರಿ. ಕ್ಯಾಲಿಫೋರ್ನಿಯಾದಲ್ಲಿ ವಿಚ್ಛೇದನಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಹೊಂದಾಣಿಕೆಯಾಗದ ಭಿನ್ನತೆ. ಹಿಂದೂ ವಿವಾಹ ಕಾಯಿದೆಯಲ್ಲಿ ಆ ಹೆಸರಿನ ಕಾರಣವಿಲ್ಲ. ಆದ್ದರಿಂದ ಇಬ್ಬರೂ ಭಾಗವಹಿಸಿದ್ದರು, ಒಪ್ಪಿದ್ದರು ಎಂಬುದನ್ನು ತೋರಿಸುವ ಈ ಕಾಗದಗಳಿಗೇ ಊರಿನಲ್ಲಿ ಹೆಚ್ಚು ತೂಕ.

ತೀರ್ಪಿನಲ್ಲಿ ಎರಡು ತಾರೀಖುಗಳಿರುವುದನ್ನೂ ಗಮನಿಸಿ. ನ್ಯಾಯಾಧೀಶರು ಸಹಿ ಮಾಡಿದ ದಿನ ಒಂದು, ವಿವಾಹಬಂಧ ಕೊನೆಗೊಂಡ ದಿನ ಮತ್ತೊಂದು. ಸಮನ್ಸ್ ಜಾರಿಯಾದ ಅಥವಾ ಎದುರುಪಕ್ಷ ಹಾಜರಾದ ದಿನದಿಂದ ಆರು ತಿಂಗಳು ಕಳೆಯದೆ ಇಲ್ಲಿ ವಿವಾಹ ಕೊನೆಗೊಳ್ಳುವುದಿಲ್ಲವಾದ್ದರಿಂದ ಇವೆರಡು ಬೇರೆ ಬೇರೆ ಆಗಿರುವುದು ಸಾಮಾನ್ಯ. ಮರುಮದುವೆಯ ಮುಹೂರ್ತ ಇಡುವಾಗ ನೋಡಬೇಕಾದದ್ದು ಎರಡನೆಯದನ್ನು.

ದೃಢೀಕೃತ ಪ್ರತಿ ಕೈಗೆ ಬಂದ ಮೇಲೆ ಅದಕ್ಕೆ ಅಪೊಸ್ಟಿಲ್, ಅಂದರೆ ವಿದೇಶದಲ್ಲಿ ಬಳಸುವ ಕಾಗದದ ಸಹಿ ಅಸಲಿ ಎಂದು ತೋರಿಸುವ ಪ್ರಮಾಣಪತ್ರ, ಮಾಡಿಸಬೇಕು. ಭಾರತ 2005ರಿಂದ ಹೇಗ್ ಅಪೊಸ್ಟಿಲ್ ಒಪ್ಪಂದದಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಕೊಡುವುದು ರಾಜ್ಯ ಸರ್ಕಾರದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಒಂದಕ್ಕೆ 20 ಡಾಲರ್, ಅಂಚೆಯಲ್ಲಿ ಸ್ಯಾಕ್ರಮೆಂಟೊಗೆ ಕಳುಹಿಸಬಹುದು, ಸ್ಯಾಕ್ರಮೆಂಟೊ ಅಥವಾ ಲಾಸ್ ಏಂಜಲೀಸ್ ಕಚೇರಿಗೆ ಖುದ್ದಾಗಿ ಹೋದರೆ ಸಹಿಯೊಂದಕ್ಕೆ 6 ಡಾಲರ್ ಹೆಚ್ಚು. ಅವರು ಪ್ರಮಾಣೀಕರಿಸುವುದು ಸಹಿ ಮಾಡಿದ ಅಧಿಕಾರಿಯನ್ನು. ಹಾಗಾಗಿ ನ್ಯಾಯಾಲಯದ ಕಿಟಕಿಯಲ್ಲಿಯೇ, ಇದು ವಿದೇಶದಲ್ಲಿ ಬಳಸಲು, ಅಪೊಸ್ಟಿಲ್ ಮಾಡಿಸಬೇಕಾಗಿದೆ ಎಂದು ಹೇಳಿ, ಗುಮಾಸ್ತರ ಹೆಸರು ಮತ್ತು ಸಹಿ ಸ್ಪಷ್ಟವಾಗಿರುವಂತೆ ನೋಡಿಕೊಳ್ಳಿ. ಪ್ರತಿಯ ಪಿನ್ ಬಿಚ್ಚಬೇಡಿ. ಬಿಚ್ಚಿ ಸ್ಕ್ಯಾನ್ ಮಾಡಿ ಮತ್ತೆ ಹೊಲಿದ ದೃಢೀಕೃತ ಪ್ರತಿಯನ್ನು ತಿದ್ದಿದ್ದಾರೆಂಬ ಅನುಮಾನದಿಂದ ತಿರಸ್ಕರಿಸಬಹುದು. ಮೇಲೆ ಹೇಳಿದ ಹಳೆಯ ಸಾಕ್ಷ್ಯ ಅಧಿನಿಯಮದ ಬದಲು ಭಾರತದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ನ್ಯಾಯಾಲಯಕ್ಕೇ ಸಲ್ಲಿಸುವ ಪ್ರತಿಗೆ ಅಪೊಸ್ಟಿಲ್ ಜೊತೆಗೆ ಭಾರತೀಯ ಕಾನ್ಸುಲೇಟಿನ ದೃಢೀಕರಣವೂ ಬೇಕೇ ಎಂಬುದನ್ನು, ನೀವು ಅಮೆರಿಕ ಬಿಡುವ ಮೊದಲೇ, ಕರ್ನಾಟಕದಲ್ಲಿ ನಿಮ್ಮ ಪ್ರಕರಣ ನೋಡಿಕೊಳ್ಳುವ ವಕೀಲರಿಂದ ಬರವಣಿಗೆಯಲ್ಲಿ ಕೇಳಿ ತಿಳಿಯಿರಿ.

ಪ್ರತಿಯೊಂದು ಕಾಗದಕ್ಕೂ ಎರಡೆರಡು ದೃಢೀಕೃತ ಪ್ರತಿ ಮಾಡಿಸಿ, ಒಂದನ್ನು ಇಲ್ಲಿಯೇ ನಂಬಿಕೆಯವರ ಬಳಿ ಬಿಟ್ಟು ಹೋಗಿ. ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರತಿ ಪ್ರಕರಣ ಮುಗಿಯುವವರೆಗೆ ಅಲ್ಲಿಯೇ ಉಳಿಯುತ್ತದೆ, ಅಷ್ಟರಲ್ಲಿ ಪಾಸ್‌ಪೋರ್ಟ್ ಕಚೇರಿಯೋ ಬ್ಯಾಂಕೋ ಅದೇ ಕಾಗದವನ್ನು ಕೇಳಬಹುದು.